ಗಾಡಿ ಹುಲ್ಲು ತಿನ್ನುವುದಿಲ್ಲ

ಗಾಡಿ ಬಂದಿದೆ, ನಾಳೆ ಬೆಳಿಗ್ಗೆ ಬನ್ನಿ ಎಂದು ಚನ್ನಗಿರಿಯ ಶೋರೂಮಿನಿಂದ ಫೋನ್ ಬಂದಾಗ ನನ್ನ ಸೊಸೆ ಜಹಾನಾರಾ ರೊಟ್ಟಿ ತಟ್ಟುತ್ತಿದ್ದಳು. ಹಿಟ್ಟಿನ ಕೈಯಲ್ಲೇ ಫೋನ್ ಹಿಡಿದು, ಇನ್ನೊಂದು ಸಲ ಹೇಳಿ ಎಂದು ಕೇಳಿ ಖಾತ್ರಿ ಮಾಡಿಕೊಂಡಳು. ಆಮೇಲೆ ಹೆಂಚಿನ ಮೇಲಿದ್ದ ರೊಟ್ಟಿಯ ನೆನಪು ಯಾರಿಗೂ ಆಗಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಮುಂಗಡ ಕೊಟ್ಟು ಬುಕ್ ಮಾಡಿದ, ಮೂರು ಸಾಲು ಸೀಟಿನ ಗಾಡಿ ಅದು. ಈಗ ಮೇ ತಿಂಗಳು ಮುಗಿಯುತ್ತಾ ಬಂದಿತ್ತು. ನಡುವಿನ ದಿನಗಳಲ್ಲಿ ಆಕೆ ಒಂದು ಕಡೆ ನೆಮ್ಮದಿಯಾಗಿ ಕೂತಿದ್ದನ್ನು ನಾನು ಕಾಣೆ. ನಮ್ಮ ಹೊನ್ನಾಳಿಯಿಂದ ಗೋವಿನಕೋವಿಗೆ, ಅದರಾಚೆ ನ್ಯಾಮತಿ ಸೀಮೆಯ ಹಳ್ಳಿ ಶಾಲೆಗಳಿಗೆ ಹೋಗಿ ಬರುವ ಟೀಚರಮ್ಮಗಳಿದ್ದಾರೆ. ಅವರ ಹೊತ್ತಿಗೆ ಬಸ್ಸಿಲ್ಲ. ಬಂದ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಹೆಂಗಸು ಓಡಿಸುವ ಗಾಡಿಯಾದರೆ ತಿಂಗಳಿಗಿಷ್ಟು ಅಂತ ಕೊಟ್ಟು ಎಲ್ಲರೂ ಅದರಲ್ಲೇ ಬರುತ್ತೇವೆ ಎಂದು ಅಂಬಿಕಾ ಟೀಚರ್ ಮಾತು ಕೊಟ್ಟಿದ್ದರು. ಶಾಲೆ ಬಾಗಿಲು ತೆಗೆಯುವ ದಿನ ಗಾಡಿ ಅವರ ಮನೆ ಮುಂದೆ ನಿಲ್ಲಬೇಕು, ಇಲ್ಲವೆಂದರೆ ಆ ಬಾಡಿಗೆ ಬೇರೆಯವರ ಪಾಲು. ನ್ಯಾಮತಿಯ ಟೆಂಪೋದವನೊಬ್ಬ ಆಗಲೇ ಕೇಳಿಕೊಂಡು ಹೋಗಿದ್ದ. ಅದಕ್ಕೇ ಜಹಾನಾರಾ ಡ್ರೈವಿಂಗ್ ಕಲಿತದ್ದು, ಬ್ಯಾಂಕಿಗೆ ಅಲೆದದ್ದು. ನನ್ನ ಮಗ ವಸೀಮ್‌ಗೆ ಟೈರಿನ ಅಂಗಡಿ. ಗಾಡಿ ಮಾತ್ರ ಆಕೆಯದು. ಬೀದಿಯಲ್ಲಿ ಹಾರ್ನ್ ಕೇಳಿದರೆ ಸಾಕು, ಕಿಟಕಿಗೆ ಹೋಗಿ ನೋಡಿ ಬರುವಳು. ಚನ್ನಗಿರಿಯಲ್ಲಿರುವ ಗಾಡಿ ತಾನಾಗಿ ಇಲ್ಲಿಗೆ ಬರುತ್ತದೆಯೇ ಎಂದು ವಸೀಮ್ ಚುಡಾಯಿಸುವನು.

ಮರುದಿನ ಮೊದಲ ಬಸ್ಸಿಗೆ ಹೊರಟೆವು. ವಸೀಮ್ ಗಾಡಿಗೆ ಹಾಕಲು ಹೂವಿನ ಹಾರ ಕೊಂಡು ತಂದಿದ್ದ. ಪ್ಲಾಸ್ಟಿಕ್ ಚೀಲದಿಂದ ಅದರ ಜರಿ ಹೊರಗೆ ಇಣುಕುತ್ತಿತ್ತು. ಒಳಗೆ ತಳ್ಳು ಎಂದೆ. ಯಾಕೆ ಎಂದು ಕೇಳಿದ. ನಾನು ದುಡಿದಷ್ಟು ಕಾಲ ದನದ ಸಂತೆಯಲ್ಲಿ ದಲ್ಲಾಳಿಯಾಗಿದ್ದವನು. ಎತ್ತು ಕೊಂಡವನು ಅದನ್ನು ಹೊಡೆದುಕೊಂಡು ಹೋಗಲು ತನ್ನದೇ ಹಗ್ಗ ತರಬೇಕು. ಹಳೆಯ ಹಗ್ಗವನ್ನು ಮಾರಿದವನು ಬಿಚ್ಚಿ ಇಟ್ಟುಕೊಳ್ಳುತ್ತಾನೆ. ಆದರೆ ಮಾತು ಮುಗಿಯುವ ತನಕ ಆ ಹಗ್ಗ ಚೀಲದ ಅಡಿಯಲ್ಲಿರಬೇಕು. ಹಗ್ಗ ಕಂಡರೆ, ಇವನು ಕೊಳ್ಳದೆ ಹೋಗುವುದಿಲ್ಲ ಎಂದು ಎದುರಿನವನಿಗೆ ಗೊತ್ತಾಗುತ್ತದೆ. ಇಷ್ಟನ್ನೂ ವಸೀಮ್‌ಗೆ ಹೇಳಿದೆ. ಅವನು ನಕ್ಕು, ಬೆಲೆ ಆಗಲೇ ಮುಗಿದ ಮಾತಲ್ಲವೇ, ಗಾಡಿಯ ಗಾಜಿಗೇ ಅಂಟಿಸಿದ್ದಾರಲ್ಲ ಎಂದ. ಆದರೂ ಹಾರವನ್ನು ಒಳಗೆ ತಳ್ಳಿದ.

ಶೋರೂಮಿನಲ್ಲಿ ಗಾಡಿ ಬೆಳ್ಳಗೆ ಹೊಳೆಯುತ್ತಾ ನಿಂತಿತ್ತು. ಜಹಾನಾರಾ ಯಾರನ್ನೂ ಕೇಳದೆ ಬಾಗಿಲು ತೆಗೆದು ಸ್ಟೇರಿಂಗ್ ಹಿಡಿದು ಕೂತಳು. ಹಗ್ಗ ಬಚ್ಚಿಟ್ಟರೇನು ಬಂತು, ಆಕೆಯ ಮುಖವೇ ಎಲ್ಲ ಹೇಳುತ್ತಿತ್ತು.

ಮ್ಯಾನೇಜರ್ ಮಾಲತೇಶ್ ನಯವಾದ ಹುಡುಗ. ನನ್ನನ್ನು ಕೈ ಹಿಡಿದು ಸೋಫಾದ ಮೇಲೆ ಕೂರಿಸಿ ಕಾಫಿ ತರಿಸಿದ. ಕಾಫಿ ಅರ್ಧವಾದ ಮೇಲೆ ವಿಷಯಕ್ಕೆ ಬಂದ. ಗಾಜಿಗೆ ಅಂಟಿಸಿದ ಬೆಲೆ ಕಂಪನಿಯದಂತೆ. ಅದರ ಮೇಲೆ ಒಂದು ಕಿಟ್ ಇದೆಯಂತೆ. ಸೀಟಿನ ಕವರು, ಕಾಲಡಿಯ ಮ್ಯಾಟು, ಅಡಿಗೆ ಬಳಿಯುವ ಕೋಟಿಂಗು, ಇನ್ನೂ ಏನೇನೋ. ವಿಮೆಯನ್ನೂ ಇಲ್ಲೇ ಮಾಡಿಸಬೇಕು. ಎಲ್ಲ ಸೇರಿ ಅರವತ್ತು ಸಾವಿರದ ಮೇಲಾಗುತ್ತದೆ, ನಗದು ಕೈಯಲ್ಲೇ ಕೊಡಬೇಕು. ನಮಗೆ ಕಿಟ್ ಬೇಡ ಎಂದ ವಸೀಮ್. ಬೇಡವೆಂದರೆ ಬಲವಂತವಿಲ್ಲ, ಕಿಟ್ ಇಲ್ಲದ ಗಾಡಿಗೆ ಆಗಸ್ಟ್ ತನಕ ಕಾಯಬೇಕು ಎಂದು ಮಾಲತೇಶ್ ತಣ್ಣಗೆ ಹೇಳಿದ.

"ಕೊಟ್ಟ ಮಾತು ಕೊಟ್ಟಂಗಿರಬೇಕಲ್ಲ ಸ್ವಾಮಿ," ಎಂದೆ ನಾನು.

"ನನ್ನ ಕೈಯಾಗೆ ಏನೈತೆ ಅಜ್ಜಾರೆ. ಮೇಲಿನೋರು ಹೇಳ್ದಂಗೆ ನಾವು. ಇವತ್ತು ನೀವು ಬಿಟ್ರೆ ತಗಳ್ಳಾಕೆ ಮಂದಿ ಅದಾರೆ."

ವಸೀಮ್ ದನಿ ಏರಿಸಲು ಶುರು ಮಾಡಿದ. ನಾನು ಅವನ ಮೊಣಕಾಲು ಅದುಮಿದೆ. ಏನು ಮಾಡಬೇಕೆಂದು ನನಗೆ ಗೊತ್ತಿತ್ತು. ಸಂತೆಯಲ್ಲಿ ಮಾತು ಹೀಗೆ ಸಿಕ್ಕಿಕೊಂಡಾಗ ಜಗಳ ಆಡಬಾರದು, ಎದ್ದು ಹೊರಡಬೇಕು. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, ಅವಸರ ಮಾಡದೆ, ಹಿಂದೆ ತಿರುಗದೆ ನಡೆಯಬೇಕು. ಪಕ್ಕದ ಜೋಡಿ ಎತ್ತುಗಳನ್ನು ದಾಟುವಷ್ಟರಲ್ಲಿ, ಬಾರಯ್ಯ ಇಲ್ಲಿ, ಎಂದು ಹಿಂದಿನಿಂದ ಕೂಗು ಬರುತ್ತದೆ. ಬಾರದೆ ಇದ್ದದ್ದು ನನ್ನ ಕಾಲದಲ್ಲಿ ಬಹಳ ಕಮ್ಮಿ.

ಗಾಡಿಯ ಹತ್ತಿರ ಹೋಗಿ, ಇಳಿಯಮ್ಮ, ಹೋಗೋಣ ಎಂದೆ. ಜಹಾನಾರಾ ಒಂದು ಗಳಿಗೆ ನನ್ನ ಮುಖ ನೋಡಿದಳು. ಆಕೆ ನನ್ನ ಮಾತು ತೆಗೆದುಹಾಕಿದವಳಲ್ಲ. ಇಳಿದಳು. ಗಾಜಿನ ಬಾಗಿಲ ತನಕ ಮೆಲ್ಲಗೆ ನಡೆದೆವು. ಬಾಗಿಲು ತಾನೇ ತೆರೆದುಕೊಂಡಿತು, ನಾವು ಹೊರಬಿದ್ದ ಮೇಲೆ ತಾನೇ ಮುಚ್ಚಿಕೊಂಡಿತು. ಯಾರೂ ಕರೆಯಲಿಲ್ಲ.

ರಸ್ತೆಯಾಚೆ ಬೇವಿನ ಮರದಡಿ ಟೀ ಅಂಗಡಿಯಿತ್ತು. ಶೋರೂಮಿಗೆ ಬೆನ್ನು ಮಾಡಿ ಕೂರಲು ಇಬ್ಬರಿಗೂ ಹೇಳಿದೆ. ನೋಡುತ್ತಾ ಕೂತರೆ ಕಾಯುತ್ತಿದ್ದೇವೆ ಎಂದಾಗುತ್ತದೆ. ಟೀ ಬಂತು. ವಸೀಮ್ ಒಂದೇ ಸಮನೆ ಕಾಲು ಅಲುಗಿಸುತ್ತಿದ್ದ, ಬೆಂಚೆಲ್ಲ ನಡುಗುತ್ತಿತ್ತು. ಅಂಬಿಕಾ ಟೀಚರ್ ಫೋನ್ ಮಾಡಿದರು. ಜಹಾನಾರಾ ಹೆಸರು ನೋಡಿ ಫೋನನ್ನು ಮಡಿಲಲ್ಲಿ ಬೋರಲು ಹಾಕಿದಳು. ಅದು ಗುರುಗುಟ್ಟಿ ಸುಮ್ಮನಾಯಿತು, ಮತ್ತೆ ಗುರುಗುಟ್ಟಿತು.

"ಅವ್ರು ಕರೀತಾರಾ ಅಬ್ಬಾ?" ಎಂದು ನನ್ನನ್ನು ಕೇಳಿದಳು.

"ಕರೀತಾರೆ," ಎಂದೆ.

ಇನ್ನೊಂದು ಟೀ ಕುಡಿದೆವು. ಬಿಸಿಲು ಬೆಂಚಿನ ತನಕ ಬಂತು. ನಾವು ಆಚೆ ಸರಿದು ಕೂತೆವು, ಅಲ್ಲಿಗೂ ಬಂತು. ಅಷ್ಟರಲ್ಲಿ ಬಾಡಿಗೆ ಕಾರೊಂದು ಶೋರೂಮಿನ ಮುಂದೆ ನಿಂತಿತು. ನಾನೇ ಹೇಳಿದ ಕಟ್ಟಳೆ ಮುರಿದು ನಾನೇ ತಿರುಗಿ ನೋಡಿದೆ. ನನಗಿಂತ ಸ್ವಲ್ಪ ಚಿಕ್ಕ ವಯಸ್ಸಿನ ಗಂಡ ಹೆಂಡತಿ ಇಳಿದರು. ಹೆಂಗಸಿಗೆ ಮಂಡಿ ನೋವಿರಬೇಕು, ಗಂಡನ ಭುಜ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದಳು. ಕೈಯಲ್ಲಿ ಪೂಜೆಯ ತಟ್ಟೆ. ಬಂದ ಕಾರನ್ನು ಅವರು ದುಡ್ಡು ಕೊಟ್ಟು ಕಳಿಸಿಬಿಟ್ಟರು. ಗಾಜಿನೊಳಗೆ ಒಬ್ಬ ಹುಡುಗ ನಮ್ಮ ಬಿಳಿ ಗಾಡಿಯನ್ನು ಬಟ್ಟೆಯಿಂದ ಒರೆಸತೊಡಗಿದ.

ಆಗ ನನಗೆ ತಿಳಿಯಿತು. ಸಂತೆಯಲ್ಲಿ ಎತ್ತಿನವನು ಕೂಗಿ ಕರೆಯುತ್ತಿದ್ದುದು ನನ್ನ ಜಾಣತನಕ್ಕಲ್ಲ. ಸಂಜೆಯಾದರೆ ಅವನು ಎತ್ತನ್ನು ವಾಪಸ್ ಊರಿಗೆ ಹೊಡೆದುಕೊಂಡು ಹೋಗಬೇಕು, ಮುಂದಿನ ಸಂತೆಯ ತನಕ ಮೇವು ಹಾಕಬೇಕು, ನೀರು ತೋರಿಸಬೇಕು. ಅದಕ್ಕೆ ಕರೆಯುತ್ತಿದ್ದ. ಈ ಗಾಡಿ ಹುಲ್ಲು ತಿನ್ನುವುದಿಲ್ಲ. ನಿಂತಲ್ಲೇ ನಿಂತಿರುತ್ತದೆ, ಮತ್ತೊಬ್ಬ ಬರುತ್ತಾನೆ. ನಮ್ಮನ್ನು ಕರೆಯುವ ದರ್ದು ಮಾಲತೇಶನಿಗೆ ಏನಿತ್ತು?

"ನನ್ನ ಲೆಕ್ಕ ತಪ್ಪೇತಮ್ಮ," ಎಂದೆ ಜಹಾನಾರಾಳಿಗೆ. "ಗಾಡಿ ಕೈ ಬಿಟ್ಟು ಹೋಗ್ತೈತೆ."

ವಸೀಮ್ ತಲೆ ತಗ್ಗಿಸಿ, ಈಗ ಒಳಗೆ ಹೋದರೆ ಇನ್ನೂ ಹತ್ತು ಸಾವಿರ ಸೇರಿಸಿ ಹೇಳುತ್ತಾರೆ ಎಂದ. ಅದೂ ನಿಜವೇ. ಎದ್ದು ಹೋದವನು ತಾನಾಗಿ ವಾಪಸ್ ಬಂದರೆ ಸಂತೆಯಲ್ಲಿ ಅವನನ್ನು ಹಿಂಡಿ ಹಾಕುತ್ತಾರೆ. ನಾನು ಅದನ್ನೇ ಯೋಚಿಸುತ್ತಾ ಕೂತಿದ್ದೆ. ಜಹಾನಾರಾ ಸೆರಗು ಸರಿಮಾಡಿಕೊಂಡು ಎದ್ದಳು.

"ವಾಪಸ್ ಹೋದ್ರೆ ಮರ್ಯಾದೆ ಹೋಗೋದು ದನದ ಯಾಪಾರದಾಗೆ ಅಬ್ಬಾ. ನಾನು ದನ ತಗಳ್ಳಾಕೆ ಬಂದಿಲ್ಲ," ಎಂದು ಹೇಳಿ ರಸ್ತೆ ದಾಟಿಯೇಬಿಟ್ಟಳು. ನಾವಿಬ್ಬರೂ ಹಿಂದೆ ಓಡಿದೆವು, ಓಡಿದ್ದು ವಸೀಮ್, ನಾನು ನಡೆದು ಬಂದೆ.

ಆಕೆ ಮಾಲತೇಶನ ಹತ್ತಿರ ಹೋಗುತ್ತಾಳೆ ಎಂದುಕೊಂಡಿದ್ದೆ. ಹೋಗಲಿಲ್ಲ. ಸೋಫಾದ ಮೇಲೆ ಕೂತಿದ್ದ ಆ ಯಜಮಾನರ ಎದುರಿಗೆ ಕುರ್ಚಿ ಎಳೆದುಕೊಂಡು, ಬಸ್ಸಿನಲ್ಲಿ ಪಕ್ಕದವರನ್ನು ಕೇಳುವ ಹಾಗೆ, ಯಾವ ಊರು ಅಣ್ಣಾರೆ ಎಂದು ಕೇಳಿದಳು. ಅವರು ಜಗಳೂರಿನ ಓಂಕಾರಪ್ಪ, ಲೈನ್‌ಮನ್ ಆಗಿದ್ದು ರಿಟೈರ್ ಆದವರು. ಹೆಂಡತಿ ಸಾವಂತ್ರಮ್ಮನಿಗೆ ಬಸ್ಸಿನ ಮೆಟ್ಟಿಲು ಹತ್ತಲು ಆಗುವುದಿಲ್ಲ, ಅದಕ್ಕೆ ಗಾಡಿ. ದಾವಣಗೆರೆಯಲ್ಲಿ ಸಾಲು ಉದ್ದ ಎಂದು ಇಲ್ಲಿಗೆ ಬಂದು ಮಾರ್ಚಿನಲ್ಲಿ ಬುಕ್ ಮಾಡಿದ್ದಾರೆ. ಇವತ್ತು ಒಂದು ಗಾಡಿ ಕ್ಯಾನ್ಸಲ್ ಆಗುತ್ತದೆ, ಕಿಟ್ಟಿನ ದುಡ್ಡು ತಗೊಂಡು ಬೇಗ ಬನ್ನಿ ಎಂದು ನಿನ್ನೆಯೇ ಫೋನ್ ಬಂದಿತ್ತಂತೆ.

ನಿನ್ನೆಯೇ. ನಾವು ಮನೆಯಲ್ಲಿ ರೊಟ್ಟಿ ಸುಡುತ್ತಿದ್ದ ಹೊತ್ತಿಗೇ ನಮ್ಮ ಗಾಡಿ ಜಗಳೂರಿನವರ ಕಿವಿಯಲ್ಲಿ ಕ್ಯಾನ್ಸಲ್ ಆಗಿತ್ತು.

"ಕ್ಯಾನ್ಸಲ್ ಮಾಡಿಲ್ಲ ಅಣ್ಣಾರೆ," ಎಂದಳು ಜಹಾನಾರಾ. "ನಾವು ಹೊರಗೆ ಟೀ ಕುಡೀತಿದ್ವಿ."

ಮಾಲತೇಶ್ ದಾಪುಗಾಲಲ್ಲಿ ಬಂದ. ಮೇಡಂ, ನೀವು ಈ ಕಡೆ ಬನ್ನಿ, ನನ್ನ ಹತ್ತಿರ ಮಾತಾಡಿ ಎಂದ. ನನ್ನ ಕಸುಬಿನಲ್ಲೂ ಅಷ್ಟೇ, ಕೊಳ್ಳುವ ಇಬ್ಬರನ್ನು ಎಂದೂ ಒಟ್ಟಿಗೆ ನಿಲ್ಲಲು ಬಿಡುತ್ತಿರಲಿಲ್ಲ. ಅಷ್ಟು ಗೊತ್ತಿದ್ದ ನಾನೇ ಟೀ ಅಂಗಡಿಯಲ್ಲಿ ಬೆನ್ನು ಮಾಡಿ ಕೂತಿದ್ದೆ. ಜಹಾನಾರಾ ಕುರ್ಚಿ ಬಿಟ್ಟು ಏಳಲಿಲ್ಲ. ನಾವು ಬುಕ್ ಮಾಡಿದ ತಿಂಗಳು, ಟೀಚರಮ್ಮಗಳು, ಶಾಲೆ ಶುರುವಾಗುವ ದಿನ, ಎಲ್ಲವನ್ನೂ ಓಂಕಾರಪ್ಪನವರಿಗೆ ಹೇಳಿದಳು. ಗಾಡಿ ಬಿಡಿ ಎಂದು ಮಾತ್ರ ಕೇಳಲಿಲ್ಲ.

ಓಂಕಾರಪ್ಪನವರು ಕೆಟ್ಟವರಲ್ಲ. ಆದರೆ ಅವರೂ ಕಾದು ಸೋತವರು. ದುಡ್ಡು ಕೊಟ್ಟು ಆಗಿದೆ ತಾಯಿ, ಇನ್ನೇನು ಮಾಡಲಿ ಎಂದು ನೆಲ ನೋಡುತ್ತಾ ಹೇಳಿದರು. ಕಾಗದ ಪತ್ರ ಆಮೇಲೆ, ಮೊದಲು ಪೂಜೆ ಮುಗಿಸಿ ಎಂದು ಮಾಲತೇಶ್ ಅವಸರ ಮಾಡಿದ. ಪೂಜೆಯಾದರೆ ಯಾರೂ ಹಿಂದೆ ಸರಿಯುವುದಿಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿರಬೇಕು. ಸಾವಂತ್ರಮ್ಮ ಕುಂಕುಮದಲ್ಲಿ ಬೆರಳದ್ದಿ ಗಾಡಿಯ ಮುಂದೆ ನಿಂತಿದ್ದಳು. ಆಕೆಯ ಬೆರಳು ಗಾಡಿಗೆ ತಾಕಿದರೆ ನಮ್ಮದು ಮುಗಿಯಿತು.

"ಇದರ ಮ್ಯಾಲೆ ಆ ಹುಡುಗಿ ಮನಸೈತೆ," ಎಂದಳು ಆಕೆ ಗಂಡನ ಕಡೆ ತಿರುಗಿ. "ನಾನು ಹೆಂಗೆ ಹಚ್ಚಲಿ? ನಾಳೆ ಏನಾರ ಆದ್ರೆ ಇದೇ ನೆಪ್ಪಾಗ್ತೈತೆ."

ಬೆರಳಿನ ಕುಂಕುಮವನ್ನು ತಟ್ಟೆಯ ಅಂಚಿಗೆ ಒರೆಸಿದಳು.

ಓಂಕಾರಪ್ಪನವರಿಗೆ ಹೆಂಡತಿಯ ಮೇಲೆ ಸಿಟ್ಟು ಬಂದಿತ್ತು, ಮುಖದಲ್ಲಿ ಕಾಣುತ್ತಿತ್ತು. ಆ ಸಿಟ್ಟನ್ನು ಎತ್ತಿಕೊಂಡು ಹೋಗಿ ಮಾಲತೇಶನ ಮೇಜಿನ ಮೇಲೆ ಹಾಕಿದರು. ಒಂದು ಗಾಡಿಗೆ ಎರಡು ಮನೆಯವರನ್ನು ಯಾಕೆ ಕರೆಸಿದೆ, ಕಿಟ್ಟಿನ ದುಡ್ಡು ವಾಪಸ್ ಇಡು, ನನ್ನ ಸರದಿ ಬಂದಾಗ ಗಾಜಿನ ಮೇಲಿನ ಬೆಲೆಗೇ ಕೊಡು ಎಂದು ಕೂತರು. ಒಳಗಿದ್ದ ಬೇರೆ ಗಿರಾಕಿಗಳೂ ಒಬ್ಬೊಬ್ಬರಾಗಿ, ನಿಮಗೂ ಕಿಟ್ಟಂತಾ, ನಿಮಗೆಷ್ಟಂತೆ ಎಂದು ಒಬ್ಬರನ್ನೊಬ್ಬರು ಕೇಳತೊಡಗಿದರು. ಮಾಲತೇಶ್ ಫೋನ್ ಹಿಡಿದು ಒಳಕೋಣೆಗೆ ಹೋದ. ಹೊರಗೆ ಬಂದ, ಮತ್ತೆ ಒಳಗೆ ಹೋದ. ಆ ಹೊತ್ತು ಜಹಾನಾರಾ ಒಂದು ಕಡೆ ನಿಲ್ಲಲಿಲ್ಲ. ಗಾಡಿಯ ಸುತ್ತ ತಿರುಗುತ್ತಲೇ ಇದ್ದಳು, ಆದರೆ ಅದನ್ನು ಮುಟ್ಟಲಿಲ್ಲ.

ಕೊನೆಗೆ ಮಾಲತೇಶ್ ಬಂದು ಹೇಳಿದ: ಅಂಟಿಸಿದ ಬೆಲೆಗೇ ಗಾಡಿ, ಕಿಟ್ ಬೇಡ, ವಿಮೆ ಮಾತ್ರ ಇಲ್ಲೇ ಮಾಡಿಸಬೇಕು. ಅದನ್ನೂ ಇಳಿಸಬಹುದು ಎಂದು ನನಗೆ ಅನ್ನಿಸಿತು, ನಾಲಿಗೆಯ ತುದಿಗೇ ಬಂತು. ಜಹಾನಾರಾ ನನ್ನ ಕಡೆ ನೋಡದೆ, ಆಯ್ತು ಎಂದುಬಿಟ್ಟಳು. ಓಂಕಾರಪ್ಪನವರ ಕಿಟ್ಟಿನ ದುಡ್ಡೂ ವಾಪಸ್ ಬಂತು. ಅವರ ಗಾಡಿ ಯಾವಾಗ ಎಂದು ಕೇಳಿದ್ದಕ್ಕೆ ಮಾತ್ರ, ಬಂದ ಕೂಡಲೇ ಫೋನ್ ಮಾಡುತ್ತೇವೆ ಎಂದ.

ಟೆಂಪರರಿ ನಂಬರು ಅಂಟಿಸಿ ಗಾಡಿ ಹೊರಗೆ ತರುವಷ್ಟರಲ್ಲಿ ಬಿಸಿಲು ಇಳಿದಿತ್ತು. ಜಗಳೂರಿನ ದಂಪತಿ ಮೆಟ್ಟಿಲ ಬಳಿ ನಿಂತಿದ್ದರು. ಬಂದ ಕಾರನ್ನು ಕಳಿಸಿಬಿಟ್ಟಿದ್ದರಲ್ಲ, ಹೊಸ ಗಾಡಿಯಲ್ಲಿ ಹೋಗುತ್ತೇವೆಂದು. ಜಹಾನಾರಾ ಅವರ ಮುಂದೆ ಗಾಡಿ ನಿಲ್ಲಿಸಿ ಬಾಗಿಲು ತೆಗೆದಳು. ಜಗಳೂರು ಎಲ್ಲಿ ಹೊನ್ನಾಳಿ ಎಲ್ಲಿ, ಬಸ್‌ಸ್ಟ್ಯಾಂಡಿಗೆ ಬಿಟ್ಟರೆ ಸಾಲದೇ ಎಂದು ವಸೀಮ್ ಮೆಲ್ಲಗೆ ಗೊಣಗಿದ.

"ಅವ್ರು ಬಸ್ ಹತ್ತಾಕೆ ಆಗಲ್ಲ ಅಂದಿದ್ದು ಕೇಳಲಿಲ್ಲೇನ್ರಿ," ಎಂದಳು.

ನಾನು ಮುಂದೆ ಕೂತೆ. ಸಾವಂತ್ರಮ್ಮ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಹಿಂದೆ ಕೂತಳು. ಪಕ್ಕದಲ್ಲಿ ಓಂಕಾರಪ್ಪನವರು, ಅವರ ಹಿಂದಿನ ಸಾಲಿನಲ್ಲಿ ವಸೀಮ್. ಸೀಟಿನ ಮೇಲಿನ ಪ್ಲಾಸ್ಟಿಕ್ ಹಾಳೆ ಚರಚರ ಎನ್ನುತ್ತಿತ್ತು. ದಾವಣಗೆರೆ ದಾಟಿದ ಮೇಲೆ ಓಂಕಾರಪ್ಪನವರು ಕೇಳಿದರು.

"ನಮಗೆ ಕೊಡ್ತಾನಂತೀರಾ ಸಾಬ್ರೆ? ಇಷ್ಟೆಲ್ಲ ಬೈದ ಮೇಲೆ?"

ಗೊತ್ತಿಲ್ಲ ಎಂದೆ.

"ನಿಮ್ಮ ಗಾಡಿ ಬಂತು ಅಂತ ಫೋನ್ ಬಂದ ದಿನ ನನಗೂ ಒಂದು ಫೋನ್ ಹಾಕ್ರಿ ಅಣ್ಣಾರೆ," ಎಂದಳು ಜಹಾನಾರಾ, ರಸ್ತೆಯಿಂದ ಕಣ್ಣು ತೆಗೆಯದೆ. "ಶೋರೂಮಿಗೆ ಬಂದು ನಿಮ್ಮ ಪಕ್ಕದಾಗೆ ಕೂಡ್ತೀನಿ."

"ಟೀಚರಮ್ಮಗಳನ್ನ ಬಿಟ್ಟೇನು?" ಎಂದಳು ಸಾವಂತ್ರಮ್ಮ.

"ಅವ್ರನ್ನ ಬೆಳಿಗ್ಗೆ ಶಾಲೆಗೆ ಇಳಿಸಿದ್ರೆ ಸಂಜೀ ತನಕ ನನಗೇನು ಕೆಲಸೈತಮ್ಮ."

ಸಾವಂತ್ರಮ್ಮ ತನ್ನ ಫೋನನ್ನು ಗಂಡನ ಕೈಗೆ ಕೊಟ್ಟು, ಈಕೆಯ ನಂಬರು ಹಾಕಿ ಕೊಡಿ ಎಂದಳು. ಅವರಿಗೆ ಕನ್ನಡಕ ಸಿಗಲಿಲ್ಲ. ವಸೀಮ್ ಹಿಂದಿನಿಂದ ಕೈ ಚಾಚಿ ಇಸಿದುಕೊಂಡು, ಏನೆಂದು ಬರೆಯಲಿ ಎಂದು ಕೇಳಿದ. ಬಿಳೀ ಗಾಡಿ ಜಹಾನಾರಾ ಅಂತ ಬರಿಯಪ್ಪ ಎಂದಳು ಆಕೆ.