ತೋಳು ಕೂರದ ಆರುನೂರು ಕೋಟು

ವಕೀಲರ ಕರಿ ಕೋಟಿನ ತೋಳು ಬಿಚ್ಚುತ್ತಿದ್ದೆ. ಬ್ಲೇಡಿನ ಮೂಲೆಯಿಂದ ನಾಲ್ಕು ಹೊಲಿಗೆಗೊಂದನ್ನು ಕತ್ತರಿಸಿ, ದಾರ ಎಳೆದು, ಚೂರುಗಳನ್ನು ಅಂಗೈಯಲ್ಲಿ ಕೂಡಿಟ್ಟುಕೊಳ್ಳುವ ಕೆಲಸ. ಎದುರಿಗೆ ಸೋದರಮಾವ ಇಸ್ತ್ರಿ ಹಾಕುತ್ತಿದ್ದ. ಅಂಗಡಿ ಅವನದು. ನಮ್ಮಿಬ್ಬರ ನಡುವೆ ಮೇಜಿನ ಮೇಲೆ, ದೊಡ್ಡ ಕತ್ತರಿಯ ಕೆಳಗೆ, ಬೆಳಿಗ್ಗೆ ಬಂದ ನೋಟಿಸು ಇತ್ತು.

ಕಳಿಸಿದ್ದು ಸಮವಸ್ತ್ರ ಹೊಲಿಸುವ ಒಂದು ಕಂಪನಿ. ‘ಅಳತೆ ತಂತ್ರಾಂಶ ಸಂಸ್ಥೆಯ ಅಧ್ಯಕ್ಷರು, ಕಾರ್ಯದರ್ಶಿ ಮತ್ತು ನಿರ್ದೇಶಕರಿಗೆ’ ಎಂದು ಬರೆದಿತ್ತು. ಅಂಥ ಸಂಸ್ಥೆ ಇರಲಿಲ್ಲ. ಅಂಚೆಯವನಿಗೆ ಸಹಿ ಹಾಕಿ ಲಕೋಟೆ ತೆಗೆದುಕೊಂಡವಳು ನಾನಾದ್ದರಿಂದ ಸದ್ಯಕ್ಕೆ ಆ ಮೂವರೂ ನಾನೇ.

‘ಅಳತೆ’ ಎನ್ನುವುದು ಒಂದು ಸಾಫ್ಟ್‌ವೇರ್. ಎದೆ, ಭುಜ, ಕೈಯುದ್ದ ತುಂಬಿದರೆ ಬಟ್ಟೆ ಕತ್ತರಿಸುವ ಗೆರೆಗಳನ್ನು ಕಾಗದದ ಮೇಲೆ ಬರೆದುಕೊಡುತ್ತದೆ. ಯಾರು ಬೇಕಾದರೂ ಪುಕ್ಕಟೆಯಾಗಿ ಬಳಸಬಹುದು, ತಿದ್ದಬಹುದು. ನಮ್ಮ ಬೀದಿಯ ಗಣಿತದ ಮೇಷ್ಟ್ರು ಶುರು ಮಾಡಿದ್ದು. ಎಲ್ಲೆಲ್ಲಿಂದಲೋ ಜನ ಬಿಡುವಿನಲ್ಲಿ ಸೇರಿಕೊಂಡು ಮೇಷ್ಟ್ರೂ ಸೇರಿದಂತೆ ನಲವತ್ತಾದರು. ನಲವತ್ತು ಜನಕ್ಕೂ ತೋಳಿತ್ತು, ತೋಳು ಕತ್ತರಿಸಲು ಒಬ್ಬರಿಗೂ ಬರುತ್ತಿರಲಿಲ್ಲ. ಪ್ಯಾಂಟು ಗಿಡ್ಡ ಮಾಡಿಸಲು ಬಂದ ಮೇಷ್ಟ್ರು ಬಟ್ಟೆಯ ಮೇಲೆ ನಾನು ಎಳೆದ ಸೀಮೆಸುಣ್ಣದ ಗೆರೆ ನೋಡಿ, ಏಳನೇ ತರಗತಿಗೇ ಶಾಲೆ ಬಿಟ್ಟವಳನ್ನು ನಲವತ್ತೊಂದನೆಯವಳಾಗಿ ಸೇರಿಸಿದರು. ಜಾಲತಾಣಕ್ಕೆ ಒಂದು ವಿಳಾಸ ಬೇಕಿತ್ತು. ಉಳಿದವರೆಲ್ಲ ಆಗಾಗ ಮನೆ ಬದಲಿಸುವವರಂತೆ. ನಮ್ಮ ಅಂಗಡಿಯದನ್ನೇ ಹಾಕಿದರು. ಗೌರವ ಅಂದುಕೊಂಡಿದ್ದೆ.

‘ಅಳತೆ’ಯ ಜೊತೆಯಲ್ಲಿ ಒಂದು ಪುಟವಿತ್ತು: ‘ಇದ್ದದ್ದು ಇದ್ದಂತೆ ಕೊಟ್ಟಿದ್ದೇವೆ, ಕೆಟ್ಟರೆ ನಾವು ಹೊಣೆಯಲ್ಲ.’ ಅದರ ಮಾತುಗಳು ಹೇಗಿದ್ದರೆ ಹೆಚ್ಚು ಆದರ್ಶ ಎಂದು ಎರಡು ಪಂಗಡಗಳಾದವು. ತೀರ್ಮಾನವಾಗುವ ತನಕ ಯಾರಿಗೂ ನೋವಾಗಬಾರದೆಂದು ಆ ಪುಟವನ್ನೇ ತೆಗೆದಿಟ್ಟರು. ಜಗಳ ನಾಲ್ಕು ತಿಂಗಳು ನಡೆಯಿತು. ಬಲು ಸಭ್ಯವಾದ ಜಗಳ.

ಆ ನಾಲ್ಕು ತಿಂಗಳಲ್ಲೇ ಗೂಬೆ ತೋಳಿನ ಲೆಕ್ಕವನ್ನು ‘ಚೊಕ್ಕಟ’ ಮಾಡಿದ. ಗೂಬೆ ಎಂಬುದು ಆ ನಲವತ್ತರಲ್ಲೊಬ್ಬ ತನಗೆ ತಾನೇ ಇಟ್ಟುಕೊಂಡ ಹೆಸರು. ತೋಳಿನ ಮೇಲಂಚು ಅದು ಕೂರುವ ಭುಜದ ಸುತ್ತಿಗಿಂತ ತುಸು ಉದ್ದವಿರಬೇಕು. ಆ ಹೆಚ್ಚಳವನ್ನು ಬೆರಳಿನಿಂದ ತಳ್ಳುತ್ತಾ ಹೊಲಿದರೆ ಭುಜ ದುಂಡಗಾಗುತ್ತದೆ, ಕೈ ಮೇಲೇಳುತ್ತದೆ. ಗೂಬೆಗೆ ಅದು ತಪ್ಪಾಗಿ ಕಂಡಿತು. ಎರಡೂ ಸಮ ಮಾಡಿದ. ‘ಹಾಗೆ ಮಾಡಬೇಡಿ’ ಎಂದು ಬರೆದೆ. ಅವನು ಅರ್ಧ ಪುಟ ಗಣಿತ ಬರೆದು ಕಳಿಸಿದ. ಗಣಿತ ಸರಿಯಾಗಿಯೇ ಇತ್ತು. ಕಂಪನಿ ಆ ಗೆರೆಗಳನ್ನೇ ಇಳಿಸಿಕೊಂಡು, ಒಂದನ್ನೂ ಹೊಲಿದು ನೋಡದೆ, ಆರುನೂರು ಕೋಟು ಕತ್ತರಿಸಿತು. ತೊಟ್ಟವರಾರಿಗೂ ಕೈ ಎತ್ತಲಾಗಲಿಲ್ಲ. ಆ ನಷ್ಟವನ್ನು ನಾವು ತುಂಬಿಕೊಡಬೇಕು ಎಂಬುದೇ ನೋಟಿಸು.

ಸಂಜೆ ವಕೀಲರು ಬಂದರು. ಕೋಟು ತೊಡಿಸಿ, ಭುಜದ ಸುತ್ತ ಗುಂಡುಪಿನ್ನು ಚುಚ್ಚಿದ ಮೇಲೆ ಮಾವ ನೋಟಿಸನ್ನು ಅವರ ಮುಖದೆದುರು ಹಿಡಿದ. ಅವರು ಅಲ್ಲಾಡುವ ಹಾಗಿರಲಿಲ್ಲ.

“ಇದು ಮೋಸ ಕಣಯ್ಯಾ” ಎಂದರು. ಆದರೂ ಓದಿದರು. “ಸಂಘ ನೋಂದಣಿ ಮಾಡ್ಸಿದ್ದೀರೇನಮ್ಮಾ?”

“ಇಲ್ಲ ಸಾರ್.”

“ಮಾಡ್ಸಿದ್ದಿದ್ರೆ ಇದು ಸಂಘದ ಮೇಲೆ ಬರ್ತಿತ್ತು. ಸಂಘದ ಹತ್ರ ಏನಿರುತ್ತೆ? ಒಂದು ರಬ್ಬರ್ ಸ್ಟಾಂಪು. ಸಂಘ ಇಲ್ಲ ಅಂದ್ಮೇಲೆ ಜನರ ಮೇಲೆ ಬರುತ್ತೆ.”

“ಯಾವ ಜನ?” ಮಾವ ಕೇಳಿದ.

“ಕೈಗೆ ಸಿಕ್ಕೋ ಜನ. ನಿನ್ನ ಹೆಸರಲ್ಲಿ ಏನಿದೆಯಮ್ಮಾ?”

ನಾನು ಮೂಲೆ ನೋಡಿದೆ. ಅಂಚು ಹೊಲಿಯುವ ನನ್ನ ಓವರ್‌ಲಾಕ್ ಯಂತ್ರ ಅಲ್ಲಿತ್ತು. ಮೂರು ವರ್ಷ ರಜೆಯಿಲ್ಲದೆ ಹೊಲಿದು ತಂದದ್ದು. ಶಾಲೆಯ ಹಾಜರಿ ಪುಸ್ತಕದ ನಂತರ ನನ್ನ ಹೆಸರು ಕಂಡದ್ದು ಅದರ ರಸೀದಿಯಲ್ಲೇ. ವಕೀಲರೂ ಅತ್ತ ನೋಡಿದರು.

“ದುಡ್ಡು ತಗೊಂಡಿಲ್ಲ, ಗೆಲ್ಲಬಹುದು. ಆದ್ರೆ ನೀನೊಬ್ಳೇ ಉತ್ತರ ಕೊಟ್ರೆ ಅವ್ರಿಗೆ ನೀನೊಬ್ಳೇ ಸಾಕು, ಯಂತ್ರ ಹೊತ್ಕೊಂಡು ಹೋಗ್ತಾರೆ. ಎಲ್ಲರೂ ನಿಜವಾದ ಹೆಸರು ಬರೆದು, ಇದು ನಾವೆಲ್ಲ ಸೇರಿ ಪುಕ್ಕಟೆ ಮಾಡಿದ್ದು ಅಂತ ಸಹಿ ಹಾಕ್ಲಿ. ನಲವತ್ತು ಮನೆ ಬಾಗಿಲು ತಟ್ಟೋಕೆ ಯಾವ ಕಂಪನಿಗೂ ಪುರುಸೊತ್ತಿಲ್ಲ. ಇನ್ನಾದ್ರೂ ಪಿನ್ನು ತೆಗೀರಪ್ಪಾ!”

ಭಾನುವಾರ ಸಭೆ. ಕತ್ತರಿಸುವ ಮೇಜಿನ ಒಂದು ಕಡೆ ಮೇಷ್ಟ್ರು, ಅವರ ಲ್ಯಾಪ್‌ಟಾಪಿನಲ್ಲಿ ಉಳಿದವರು. ಅಲ್ಲಿ ಮುಖಗಳಿರಲಿಲ್ಲ. ಒಂದು ಗೂಬೆ, ಒಂದು ಪಾಪಾಸುಕಳ್ಳಿ, ಒಂದು ಕೆಟಲ್, ಹೀಗೆ ಚಿತ್ರಗಳ ಸಂತೆ. ಎರಡು ವರ್ಷದ ಹಿಂದೆ ನೋಂದಣಿ ಮಾಡಿಸೋಣವೆಂದು ಇದೇ ಮೇಜಿನ ಮುಂದೆ ಸೇರಿದ್ದಾಗ ಅಧ್ಯಕ್ಷರಾಗಲು ಆರು ಜನ ತಯಾರಿದ್ದರು. ಲಾಂಛನದ ಕತ್ತರಿ ಬಾಯಿ ತೆರೆದಿರಬೇಕೋ ಮುಚ್ಚಿರಬೇಕೋ ಎನ್ನುವಲ್ಲಿಗೆ ಸಭೆ ಮುಗಿದಿತ್ತು. ಅರ್ಜಿ ಇನ್ನೂ ಗುಂಡಿ ಡಬ್ಬಿಯ ಕೆಳಗಿದೆ.

ನೋಟಿಸನ್ನು ಜಾಲತಾಣದಲ್ಲಿ ಸಾಫ್ಟ್‌ವೇರಿನ ದೋಷಗಳ ಪಟ್ಟಿಗೆ ಆಗಲೇ ಏರಿಸಿದ್ದರು. ಹನ್ನೊಂದು ಜನ ಹೃದಯದ ಗುರುತು ಒತ್ತಿದ್ದರು. ಪಾಪಾಸುಕಳ್ಳಿ ‘ನನ್ನ ಕಂಪ್ಯೂಟರಿನಲ್ಲಿ ಈ ತೊಂದರೆ ಕಾಣಿಸುತ್ತಿಲ್ಲ’ ಎಂದು ಬರೆದಿತ್ತು.

“ನಾನು ಬರೀ ಸಲಹೆಗಾರ” ಎಂದರು ಮೇಷ್ಟ್ರು.

“ಶುರು ಮಾಡಿದ್ದು ನೀವೇ ಅಲ್ವಾ ಮೇಷ್ಟ್ರೇ?” ಮಾವ ಕೇಳಿದ.

“ಶುರು ಮಾಡೋದು ಬೇರೆ, ಮಾಡೋದು ಬೇರೆ.”

“ನಂದು ಒಟ್ಟು ಎರಡೇ ಸಾಲು” ಎಂದಿತು ಗೂಬೆ.

“ಎರಡೂ ತೋಳಿನ ಸಾಲೇ ಅಲ್ವೇನಪ್ಪಾ? ಬಲಗೈಗೊಂದು, ಎಡಗೈಗೊಂದು” ಎಂದ ಮಾವ.

“ಅಂಕಲ್, ಇದು ಯಾರ ಮೇಲೂ ಬೆರಳು ತೋರಿಸೋ ಜಾಗ ಅಲ್ಲ. ನಾವೆಲ್ಲ ಒಂದು ಕುಟುಂಬ.”

“ಹಾಗಾದ್ರೆ ನಿನ್ನ ಹೆಸರು ಹೇಳಪ್ಪಾ, ಮನೆಯವ್ನೇ.”

ಗೂಬೆಯ ಧ್ವನಿ ಕಡಿಯಿತು. ನೆಟ್‌ವರ್ಕ್ ಸರಿಯಿಲ್ಲವೆಂದು ಬರಹದಲ್ಲಿ ತಿಳಿಸಿತು. ಕೆಟಲ್ಲು ನನ್ನ ಧೈರ್ಯವನ್ನು ಹೊಗಳಿತು. ನಾನು ಅಲ್ಲಿಯವರೆಗೆ ಬಾಯಿ ತೆರೆದಿರಲಿಲ್ಲ. ಇನ್ಯಾರೋ ‘ನಾವು ನಿಮ್ಮ ಜೊತೆಗಿದ್ದೇವೆ’ ಎಂದು ಬರೆದರು. ಎಲ್ಲಿದ್ದೇವೆ ಎಂದು ಬರೆಯಲಿಲ್ಲ.

ನಾನು ಉತ್ತರದ ಕಾಗದ ತೆಗೆದು ಮೇಜಿನ ಮೇಲೆ ಹರಡಿದೆ. ಅಳತೆಪಟ್ಟಿ ಇಟ್ಟು ನಲವತ್ತೊಂದು ಗೆರೆ ಎಳೆದಿದ್ದೆ. ಮೊದಲ ಗೆರೆಯ ಮೇಲೆ ನನ್ನ ಹೆಸರು ಬರೆದಾಗಿತ್ತು. ಪೆನ್ನನ್ನು ಮೇಷ್ಟ್ರ ಕಡೆ ಸರಿಸಿದೆ. ಅವರು ಅಂಗಿಯ ಕೈಗುಂಡಿಯಲ್ಲಿ ಏನೋ ದೋಷ ಹುಡುಕುತ್ತಿದ್ದರು. ಆ ಗುಂಡಿ ಹಾಕಿದವಳು ನಾನು, ದೋಷವೇನೂ ಇರಲಿಲ್ಲ.

“ಸಹಿ ಹಾಕೋರು ಕೈ ಎತ್ತಿ” ಎಂದೆ.

ಪರದೆಯ ಮೇಲೆ ಕೆಟಲ್ಲು ಇತ್ತು, ಪಾಪಾಸುಕಳ್ಳಿ ಇತ್ತು. ಮಾವ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿ ಕಾಯುತ್ತಿದ್ದ. ನನ್ನ ಧ್ವನಿ ಸಣ್ಣದು, ಕೇಳಿಸಲಿಲ್ಲವೇನೋ ಅಂದುಕೊಂಡು ಲ್ಯಾಪ್‌ಟಾಪಿನ ಹತ್ತಿರಕ್ಕೆ ಬಗ್ಗಿದೆ.

“ಒಬ್ರಾದ್ರೂ ಕೈ ಎತ್ತಿ.”