ಜಾಮೀನಿಗೊಂದು ಮುಖ

ಅರ್ಧ ಆಯುಷ್ಯ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆದವನು ನಾನು. ಸ್ಟೂಲಿನ ಮೇಲೆ ಕೂತವರ ಗದ್ದವನ್ನು ಎರಡು ಬೆರಳಲ್ಲಿ ಹಿಡಿದು ನೆಟ್ಟಗೆ ಮಾಡುವುದು ಕೈಗೆ ಅಂಟಿದ ಚಾಳಿ. ಈಗ ಎಲ್ಲರ ಹತ್ತಿರವೂ ಫೋನು. ಸ್ಟುಡಿಯೋದತ್ತ ನರಪಿಳ್ಳೆಯೂ ಸುಳಿಯುವುದಿಲ್ಲ. ಹೆಂಡತಿ ಹೋದಮೇಲೆ ಮನೆಯೂ ಬಿಕೋ ಅನ್ನುತ್ತದೆ. ಹಾಗಾಗಿ ಕ್ಯಾಮೆರಾ ಹೆಗಲಿಗೇರಿಸಿ ಬಸ್ ನಿಲ್ದಾಣಕ್ಕೆ ಹೋಗುತ್ತೇನೆ. ಕಾಯುತ್ತ ಕೂತವರ ಮುಖ ಕಂಡರೆ ಜೀವಕ್ಕೆ ಒಂದಿಷ್ಟು ಹಾಯೆನಿಸುತ್ತದೆ.

ಮೊನ್ನೆ ಬೆಳಿಗ್ಗೆ, ಬಟ್ಟೆಯ ಗಂಟು ತೊಡೆಯ ಮೇಲಿಟ್ಟುಕೊಂಡಿದ್ದ ಟೈಲರಮ್ಮನೊಬ್ಬಳ ಫೋಟೋ ತೆಗೆದೆ. ಬೆಳಕು ಚೆನ್ನಾಗಿತ್ತು, ಗದ್ದ ಮಾತ್ರ ತುಸು ಕೆಳಗಿತ್ತು. ಹಾಳು ಕೈ ನನ್ನನ್ನು ಕೇಳಲಿಲ್ಲ, ತಾನೇ ಹೋಗಿ ಎತ್ತಿತು. ಆಕೆ ಕೈಯನ್ನು ತಳ್ಳಿ, ನಿಲ್ದಾಣವೇ ತಿರುಗಿ ನೋಡುವಂತೆ ಬೈದಳು. ನಾನಾದರೂ ಬಾಯಿ ಮುಚ್ಚಿಕೊಂಡಿರಬೇಕಿತ್ತು. ಬೆಳಕಿನ ಪಾಠ ಹೇಳಲು ಹೋದೆ. ಜನ ಮುತ್ತಿಕೊಂಡರು, ಪೊಲೀಸರೂ ಬಂದರು.

ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಬಿಡಿಸಿ ಹೇಳಿದರು. ಸಾರ್ವಜನಿಕ ಜಾಗದಲ್ಲಿ ಫೋಟೋ ತೆಗೆದಷ್ಟಕ್ಕೇ ಕೇಸಾಗುವುದಿಲ್ಲವಂತೆ. ಒಪ್ಪಿಗೆಯಿಲ್ಲದೆ ಮುಟ್ಟಿದ್ದು, ಬೇಡವೆಂದಮೇಲೂ ವಾದಿಸಿ ಜನ ಸೇರಿಸಿ ಶಾಂತಿ ಕದಡಿದ್ದು ಅಪರಾಧವಂತೆ. ತಪ್ಪಾಯಿತೆಂದೆ. ಫೋಟೋ ಅಳಿಸಿದರೆ ಸಾಕು, ಕೋರ್ಟು ಕಚೇರಿ ಅಲೆಯಲು ಪುರುಸೊತ್ತಿಲ್ಲ ಎಂದಳು ಟೈಲರಮ್ಮ. ಹಾಗಾದರೆ ಎಚ್ಚರಿಕೆ ಕೊಟ್ಟು ಬಿಡುವೆ, ಆದರೆ ನಿಮ್ಮನ್ನು ಬಲ್ಲವರೊಬ್ಬರು ಸಹಿ ಹಾಕಬೇಕು, ಇಲ್ಲದಿದ್ದರೆ ಒಳಗೆ ಕೂರಿಸಬೇಕಾಗುತ್ತದೆ ಎಂದರು ಇನ್ಸ್‌ಪೆಕ್ಟರ್.

ಯಾರನ್ನು ಕರೆಯಲಿ? ಷಡ್ಡಕನ ಹೆಸರು ನಾಲಿಗೆಯ ತುದಿಗೆ ಬಂತು. ಅವನ ಜೊತೆ ಮಾತು ಬಿಟ್ಟು ಯಾವ ಕಾಲವಾಯಿತೋ. ಪಕ್ಕದ ಮನೆಯವರು ನನ್ನ ಮನೆ ಖಾಲಿಯಿದೆ ಎಂದೇ ತಿಳಿದಿರಬೇಕು. ಕ್ಯಾಮೆರಾದ ತುಂಬ ಮುಖಗಳಿದ್ದವು, ಒಬ್ಬರಿಗೂ ನನ್ನ ಗುರುತಿಲ್ಲ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು.

"ಯಾರೂ ಇಲ್ವಾ?" ಇನ್ಸ್‌ಪೆಕ್ಟರ್ ಕೇಳಿದರು.

"ಈ ವಾರ ನನ್ನ ಹತ್ರ ಮಾತಾಡಿದ್ದು ಈಯಮ್ಮ ಒಬ್ರೇ ಸಾರ್."

ಟೈಲರಮ್ಮ ನನ್ನನ್ನು ದುರುಗುಟ್ಟಿಕೊಂಡು ನೋಡಿದಳು. ಆಮೇಲೆ ಗಂಟು ಕೆಳಗಿಟ್ಟು ಪೆನ್ನು ಕೇಳಿದಳು.

"ಇವರು ನಿಮಗೆ ಏನಾಗ್ಬೇಕು ಅಂತ ಬರೀಲಿ?" ಎಂದರು ಇನ್ಸ್‌ಪೆಕ್ಟರ್.

"ಏನೂ ಆಗ್ಬೇಕಿಲ್ಲ. ಬೆಳಗ್ಗೆಯಿಂದ ಜಗಳ ಆಡಿದ್ದೀನಲ್ಲ, ಅಷ್ಟು ಪರಿಚಯ ಸಾಕು."

ಸಹಿ ಹಾಕಿ ನನ್ನ ಕಡೆ ತಿರುಗಿದಳು. "ಈಗ ಅಳಿಸಿ. ನನ್ನ ಕಣ್ಣೆದುರಿಗೇ."

ಈ ಊರಿನಲ್ಲಿ ನನ್ನನ್ನು ಬಲ್ಲೆ ಎಂದ ಒಂದೇ ಮುಖ ಅದು. ಆದರೂ ಗುಂಡಿ ಒತ್ತಿದೆ. ಆಕೆ ಬಗ್ಗಿ ಖಾತ್ರಿ ಮಾಡಿಕೊಂಡು, ಗಂಟು ಎತ್ತಿಕೊಂಡು ಹೊರಟುಹೋದಳು. ಕ್ಯಾಮೆರಾದಲ್ಲಿ ಹಿಂದಿನ ಫೋಟೋ ಬಂದು ನಿಂತಿತ್ತು, ಯಾರದೋ ಏನೋ.