ತೋಪಿನ ಮಾರಮ್ಮನ ಬಲಗಡೆಯ ಹೂ

‘ಕರಿಬಂಡೆ’ ಬ್ಯಾಂಡಿನ ಹಾಡು ಕೇಳದವರು ಯಾರಿದ್ದಾರೆ? ಅದರ ಮ್ಯಾನೇಜರ್ ಅನಂತರಾಜುವನ್ನು ಮಾತ್ರ ಯಾರೂ ಕಂಡಿಲ್ಲ. ಕಾರ್ಯಕ್ರಮ ರಾಮನಗರದಲ್ಲಿರಲಿ, ದುಬೈನಲ್ಲಿರಲಿ, ಮೊದಲ ‘ಒನ್ಸ್ ಮೋರ್’ ಕೂಗುವವರನ್ನು ಜನರ ನಡುವೆ ಕೂರಿಸುವವನು ಅವನೇ. ಡ್ರಮ್ಮಿನವನೂ ಗಿಟಾರಿನವನೂ ಮಾತು ಬಿಟ್ಟಾಗ, ಒಬ್ಬನ ಹೆಸರಲ್ಲಿ ಇನ್ನೊಬ್ಬನಿಗೆ ಬಿರಿಯಾನಿ ಕಳಿಸಿ ರಾಜಿ ಮಾಡಿಸಿದವನೂ ಅವನೇ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಬಾಯಿಬಿಟ್ಟು ಕೇಳದೆ ಕೆಲಸ ಆಗಿಸಿಕೊಳ್ಳುವುದೇ ಮ್ಯಾನೇಜರಿಕೆ ಅಂತ ಪುಣ್ಯಾತ್ಮ ನಂಬಿದ್ದ.

ಈಗ ಮುಂಬೈನ ಸಂಗೀತ ಕಂಪನಿಯೊಂದು ಗಾಯಕಿ ಸಿಂಧುವನ್ನು ಒಬ್ಬಳನ್ನೇ ಕರೆದಿತ್ತು. ಅವಳು ಹೋದರೆ ಕರಿಬಂಡೆಯಲ್ಲಿ ಉಳಿಯುವುದು ಬರೀ ಸದ್ದು. ಕೋಡಿಹಳ್ಳಿ ಕಡೆಯ ಬಯಲಿನಲ್ಲಿ ಕುರಿ ಮೇಯಿಸುತ್ತಾ ಹಾಡುತ್ತಿದ್ದವಳನ್ನು ಮೈಕಿನ ಮುಂದೆ ನಿಲ್ಲಿಸಿದವನು ಅನಂತರಾಜು. ಅವನಿಗೆ ಮಗಳನ್ನೇ ಕಳಕೊಂಡಷ್ಟು ಸಂಕಟವಾಯಿತು. ಆದರೂ ‘ಹೋಗಬೇಡ’ ಅನ್ನುವ ಒಂದು ಮಾತು ಗಂಟಲು ದಾಟಲಿಲ್ಲ.

"ಮನೆದೇವ್ರನ್ನ ಕೇಳ್ಬುಡಾನ," ಅಂದಳು ಸಿಂಧುವಿನ ತಾಯಿ ಬೀರಮ್ಮ.

ಮನೆದೇವರು ಹೊಲದಂಚಿನ ತೋಪಿನ ಮಾರಮ್ಮ. ಪೂಜೆ ಮಾಡುವವನು ಸಿಂಧುವಿನ ಸೋದರಮಾವ ಪುಟ್ಟಲಿಂಗಯ್ಯ. ಅಮ್ಮನ ಎರಡೂ ಭುಜಕ್ಕೆ ನೀರಿನಲ್ಲಿ ಅದ್ದಿದ ಕಣಗಿಲೆ ಹೂ ಅಂಟಿಸುತ್ತಾರೆ. ಕೇಳುವವರು ಕೈಮುಗಿದು ಕೂರುತ್ತಾರೆ. ಬಲಭುಜದ ಹೂ ಮೊದಲು ಬಿದ್ದರೆ ಆಗಲಿ ಅಂತ, ಎಡಭುಜದ್ದು ಬಿದ್ದರೆ ಬೇಡ ಅಂತ.

ಜೊತೆಗೆ ಬಂದಿದ್ದ ಅನಂತರಾಜು ಅದೇ ಸೀಮೆಯವನು, ಇದನ್ನೆಲ್ಲ ಚಿಕ್ಕಂದಿನಿಂದ ನೋಡಿದವನೇ. ಆದರೆ ಈ ಸಲ ಹೂವನ್ನು ಹೊಸದಾಗಿ ಕಂಡವನ ಹಾಗೆ ನೋಡಿದ. ಎಷ್ಟು ಒದ್ದೆಯಿದ್ದರೆ ಅಂಟುತ್ತದೆ, ಎಷ್ಟು ಒಣಗಿದರೆ ಜಾರುತ್ತದೆ? ಪುಟ್ಟಲಿಂಗಯ್ಯ ಹೂ ಅಂಟಿಸಿ, ತಾಯಿಮಗಳನ್ನು ಕರೆಯಲು ಆಚೆ ಹೋದ. ಅನಂತರಾಜುವಿನ ಕೈ ಸುಮ್ಮನಿರಬೇಕಲ್ಲ. ಬಲಭುಜದ ಹೂ ತೆಗೆದು, ಟವೆಲ್ಲಿನ ಚುಂಗಿನಿಂದ ಕಲ್ಲು ಒರೆಸಿ, ಹೂವನ್ನು ಮತ್ತೆ ಅಲ್ಲೇ ಮೆಲ್ಲಗೆ ಇಟ್ಟ. ಹೆದರಿಕೆಯಾಯಿತು, ಒಳಗೊಳಗೆ ಖುಷಿಯೂ ಆಯಿತು.

ಸಿಂಧು ಬಂದು ಕೂತು ಕಣ್ಣು ಮುಚ್ಚಿದಳು. ತುಟಿ ಅಲುಗಿತು, ಸದ್ದು ಬರಲಿಲ್ಲ. ಆಗ ಅವನಿಗೆ ನೆನಪಾಯಿತು, ಅಮ್ಮನನ್ನು ಮನಸ್ಸಿನಲ್ಲೇ ಕೇಳಬೇಕು, ಹೊರಗೆ ಆಡುವಂತಿಲ್ಲ. ‘ಇಲ್ಲೇ ಇರಲಾ’ ಅಂತಲೇ ಕೇಳುತ್ತಾಳೆಂದು ತಾನು ಯಾವ ಧೈರ್ಯದ ಮೇಲೆ ಅಂದುಕೊಂಡಿದ್ದು? ಏನು ಕೇಳುತ್ತಿದ್ದಾಳೆ ಇವಳು? ಅಷ್ಟರಲ್ಲಿ ಬಲಗಡೆಯ ಹೂ ಜಾರಿ ಅಮ್ಮನ ಪಾದದ ಮೇಲೆ ಬಿತ್ತು.

"ಕೊಟ್ಳು ಕಣವ್ವ. ಇನ್ನು ಅಮ್ಮನ ಮಾತು ಮೀರಂಗಿಲ್ಲ," ಅಂದ ಪುಟ್ಟಲಿಂಗಯ್ಯ.

ಗುಡಿಯಿಂದ ಆಚೆ ಬಂದದ್ದೇ ಅನಂತರಾಜು ತಡೆಯಲಾರದೆ ಕೇಳಿದ. "ಏನಂತ ಕೇಳ್ದವ್ವ?"

"ಹೋಗ್ಲಾ ಅಂತ ಕೇಳ್ದೆ ಅಣ್ಣ." ಸಿಂಧುವಿನ ಕಣ್ಣು ತುಂಬಿತ್ತು. "ನೀವು ಏನೂ ಅನ್ನನಿಲ್ಲ. ಒಂದ್ಸಲ ಇರವ್ವ ಅಂದಿದ್ರೆ, ದೇವ್ರನ್ನ ಕೇಳಕ್ಕೇ ಬತ್ತಿರ್ನಿಲ್ಲ ನಾನು."

ಅನಂತರಾಜುವಿಗೆ ಅಳು ಬಂತು. ಮೆಟ್ಟಿಲ ಮೇಲೆ ಕೂತುಬಿಟ್ಟ.

"ಇರವ್ವ," ಅಂದ. "ಆ ಹೂ ಸುಳ್ಳು. ನಾನೇ ಕಲ್ಲು ಒರೆಸಿ ಸಡಿಲ ಮಾಡಿ ಇಟ್ಟಿದ್ದೆ. ಇರ್ಲಾ ಅಂತ ಕೇಳ್ತೀಯ ಅಂದ್ಕಂಡಿದ್ದೆ."

ಪುಟ್ಟಲಿಂಗಯ್ಯ ಗದರಲು ಬಾಯಿ ತೆರೆದ. ಬೀರಮ್ಮ ಅವನನ್ನು ಕೈಯೆತ್ತಿ ತಡೆದು, ಅಮ್ಮನ ಪಾದದಿಂದ ಎತ್ತಿ ತಂದಿದ್ದ ಆ ಹೂವನ್ನು ಮಗಳ ಮುಡಿಗೆ ಸಿಕ್ಕಿಸಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ.

"ಅಮ್ಮ ಬ್ಯಾಡ ಅನ್ನಂಗಿದ್ದಿದ್ರೆ, ನಿನ್ ಕೈಲಿ ಎಡಗಡೇ ಹೂವ ಮುಟ್ಟುಸ್ತಿರ್ನಿಲ್ವಾ, ಅನಂತಣ್ಣ?"

ಸಿಂಧು ಬಗ್ಗಿ, ಹೋಗಿಬರುವವಳ ಹಾಗೆ ಅನಂತರಾಜುವಿನ ಕಾಲು ಮುಟ್ಟಿದಳು.